ಗಿರಿಜಕ್ಕ ಬರೆದ ಉತ್ತರ

ಗಿರಿಜಕ್ಕ ಯಾರ ಮಾತನ್ನೂ ನಡುವೆ ತಡೆಯುತ್ತಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, ಅವರು ಹೇಳಿದ್ದನ್ನೇ ಅವರಿಗಿಂತ ಚೆಂದವಾಗಿ ತಿರುಗಿ ಹೇಳಿ, “ಹಿಂಗ ಅಂದ್ರಿ, ಹೌದಲ್ರಿ?” ಎನ್ನುತ್ತಿದ್ದರು. ಎದುರಿನವರು ಹೂಂ ಅಂದ ಮೇಲೆಯೇ ಅವರ ಉತ್ತರ ಶುರು.

ಬ್ಯಾಡಗಿಯಲ್ಲಿ ಅವರದು ನಮ್ಮ ಪಕ್ಕದ ಮನೆ. ಮನೆ ಅವರದಲ್ಲ, ಮೆಣಸಿನಕಾಯಿ ವ್ಯಾಪಾರದ ಅಣ್ಣ ಚನಬಸಪ್ಪನವರದು. ಬಿ.ಎ. ಓದಿದ್ದ ಗಿರಿಜಕ್ಕ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತ ಮದುವೆಯಾಗದೆ ಅಲ್ಲೇ ಉಳಿದವರು. ಸಂಜೆ ಓಣಿಯ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು, ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಲೇ.

ನಾನು ಪಿಯುಸಿ ಮುಗಿಸಿ ಹಾವೇರಿಯ ಕಾಲೇಜಿಗೆ ಸೇರುವುದರಲ್ಲಿದ್ದೆ. ಆಗಲೇ ಚನಬಸಪ್ಪನವರು ಓಣಿಯ ವಾಟ್ಸ್ಯಾಪ್ ಗ್ರೂಪಿಗೆ ಉದ್ದನೆಯ ಬರಹ ಹಾಕಿದರು: ಬಸ್ಸು ಹತ್ತಿ ಓದಲು ಹೋದ ಹೆಣ್ಣು ಮನೆಯಲ್ಲಿ ನಿಲ್ಲುವುದಿಲ್ಲ, ಊರಲ್ಲಿ ಸಿಕ್ಕಷ್ಟು ಓದು ಸಾಕು. ಅಪ್ಪ ಅದನ್ನು ಓದಿ ನನ್ನ ಮಾರ್ಕ್ಸ್ ಕಾರ್ಡನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಯಾರೂ ಎದುರಾಡಲಿಲ್ಲ. ಓಣಿಯ ಬಹಳ ಮಂದಿ ದುಡಿಯುತ್ತಿದ್ದುದು ಅವರ ಅಂಗಡಿಯಲ್ಲೇ.

ಉತ್ತರ ಬಂದದ್ದು ಅದೇ ಮನೆಯಿಂದ. ಮೊದಲು ಗಿರಿಜಕ್ಕ ಅಣ್ಣನ ಅಂಜಿಕೆಯನ್ನೇ ಬರೆದಿದ್ದರು, ಒಂದಿಷ್ಟೂ ಕುಹಕವಿಲ್ಲದೆ. ಆಮೇಲೆ: “ನಾನೂ ರಾಣೇಬೆನ್ನೂರಿಗೆ ಬಸ್ಸಿನಲ್ಲಿ ಹೋಗಿ ಓದಿದವಳು. ಅವ್ವನ ಔಷಧಿ ಚೀಟಿ ಓದಿದ್ದು ಆ ಓದೇ. ಇವತ್ತಿಗೂ ಈ ಮನೆಯಲ್ಲೇ ಇದ್ದೇನೆ.”

ಅಪ್ಪ ಟ್ರಂಕಿನ ಬೀಗ ತೆಗೆದರು.

ಆ ಮನೆಯ ಜಗಳ ನಮ್ಮ ಗೋಡೆಗೆ ಕೇಳಿಸಿತು.

“ನನ್ನ ಮನ್ಯಾಗಿದ್ದು ನನಗ ಉತ್ತರ ಬರೀತಿ?”

“ನಿನಗಲ್ಲಣ್ಣಾ, ನಿನ್ನ ಮಾತಿಗೆ.”

ಮರುದಿನದಿಂದ ಪಾಠ ನಿಂತಿತು. ಅಣ್ಣ ಮಾತು ಬಿಟ್ಟರು. ಗಿರಿಜಕ್ಕ ಹಿಂದಿನ ಕೋಣೆಗೆ ಸರಿದರು. ಊಟದ ತಾಟು ಅಲ್ಲಿಗೇ ಹೋಗುತ್ತಿತ್ತು.

ಹಾವೇರಿಯಲ್ಲಿ ನೌಕರಿ ಸಿಕ್ಕ ಮೇಲೆ ಅವರನ್ನು ಕರೆಯಲು ಹೋದೆ. “ನನ್ನ ಜೋಡಿ ಬಂದ್ಬಿಡ್ರಿ ಅಕ್ಕಾ. ಅಲ್ಲಿ ಪಾಠ ಹೇಳಿಕೊಂಡು ಇರಬಹುದು.”

ಗಿರಿಜಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಬರಬೇಕಂತ ಆಸೆ ಐತವಾ. ಆದ್ರ ನಾ ಮನಿ ಬಿಟ್ರ ಅಣ್ಣ ಬರದದ್ದ ಖರೇ ಆಗ್ತೈತಿ. ಈಗ ಓಣಿ ಹುಡುಗ್ಯಾರು ಬಸ್ಸಿಗೆ ಹೋಗಾಕತ್ತಾರ. ಅವರಪ್ಪಂದಿರು ನನ್ನ ನೋಡಿ ಕಳಿಸ್ಯಾರ.”

ಅದೇ ಕಡೆಯ ಭೇಟಿ. ಹೋದ ವರ್ಷ ಆ ಕೋಣೆಯಲ್ಲೇ ತೀರಿಕೊಂಡರು. ನಾನು ಹೋದಾಗ ಚನಬಸಪ್ಪನವರು ಬಂದವರಿಗೆಲ್ಲ ಅಳುತ್ತ ಹೇಳುತ್ತಿದ್ದರು: “ಕಲತಾಕಿ ಇದ್ಲು. ಆದ್ರೂ ಕಡೀತನಕ ನನ್ನ ಮನಿ ಬಿಡ್ಲಿಲ್ಲ.”

ಆ ‘ಆದ್ರೂ’ಗೆ ಉತ್ತರ ಕೊಡಬಲ್ಲವರನ್ನು ವಿಭೂತಿ ಹಚ್ಚಿ, ಹಾರ ಹಾಕಿ, ಗೋಡೆಗೊರಗಿಸಿ ಕೂರಿಸಿದ್ದರು.