ಬೆಳ್ಳಮ್ಮನ ಮೋಟು ಕೋವಿ

ನಮ್ಮ ಅತ್ತಿಗೆ ಬೆಳ್ಳಮ್ಮನ ವಿಷಯ ಊರಿನವರು ಆಡುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಒಬ್ಬರು ಅವಳನ್ನು ಗಂಡುಬೀರಿ ಅನ್ನುತ್ತಾರೆ, ಇನ್ನೊಬ್ಬರು ಪಾಪ ಅಂತ ಲೊಚಗುಟ್ಟುತ್ತಾರೆ. ಇಬ್ಬರಿಗೂ ಗೊತ್ತಿರುವುದು ಅಷ್ಟಕ್ಕಷ್ಟೆ. ನಾನು ಅವಳ ಗಂಡ ಭೂತಪ್ಪನ ತಂಗಿ ಪುಷ್ಪಮ್ಮ. ಅವಳ ಅತ್ತೆ ಕೆರಿಯಮ್ಮ ನನ್ನ ಹೆತ್ತವ್ವ. ಹಾಗಾಗಿ ಈ ವಿಷಯದಲ್ಲಿ ಬಾಯಿ ಬಿಡುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ.

ನನ್ನನ್ನು ಕೊಟ್ಟದ್ದು ತೀರ್ಥಹಳ್ಳಿಗೆ. ತವರುಮನೆ ಹೊಸನಗರದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ, ಅಕ್ಕಿ ಮಿಲ್ಲಿಗೆ ಅಂಟಿಕೊಂಡಂತೆ ಇತ್ತು. ಅಲ್ಲಿ ನಿಂತು ಎಷ್ಟು ಕೂಗಿದರೂ ಊರಿಗೆ ಕೇಳುತ್ತಿರಲಿಲ್ಲ. ಅಣ್ಣ ಲಾರಿ ಓಡಿಸುತ್ತಿದ್ದ. ಆಗ ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ಸಿಮೆಂಟು ಹೇರಿಕೊಂಡು ಜೋಗದ ಕಡೆ ಹೋದನೆಂದರೆ ವಾರಗಟ್ಟಲೆ ಪತ್ತೆ ಇರುತ್ತಿರಲಿಲ್ಲ. ಮಿಲ್ಲು ನೋಡಿಕೊಳ್ಳುತ್ತಿದ್ದುದು ಅತ್ತಿಗೆ. ಬೆಲ್ಟು ಹಾಕುವುದು, ಭತ್ತ ಸುರಿಯುವುದು, ತೌಡು ಕದಿಯಲು ಬರುವವರನ್ನು ಬೈಯುವುದು ಎಲ್ಲ ಅವಳದೇ. ಮಿಲ್ಲಿನ ಸದ್ದಿನಲ್ಲಿ ಕೂಗಿ ಕೂಗಿ, ಮನೆಯೊಳಗೆ ಉಪ್ಪು ಕೇಳಿದರೂ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತಿತ್ತು. ಅವ್ವನಿಗೆ ಆ ಗಂಟಲು ಕಂಡರೆ ಆಗುತ್ತಿರಲಿಲ್ಲ, ಸೊಸೆ ಕಂಡರೆ ಪ್ರಾಣ.

ಅಣೆಕಟ್ಟು ಮುಗಿಯುವುದಕ್ಕೆ ಹಿಂದಿನ ವರ್ಷ, ಸುಗ್ಗಿ ಮುಗಿದ ಮೇಲೆ, ದೀಪ ಹಚ್ಚುವ ಹೊತ್ತಿಗೆ ಮೂವರು ಗಂಡಸರು ಅಂಗಳಕ್ಕೆ ಬಂದು ಅಕ್ಕಿ ಇದೆಯಾ ಅಂತ ಕೇಳಿದರಂತೆ. ಮಿಲ್ಲು ನಿಂತಾಗಿದೆ, ನಾಳೆ ಬನ್ನಿ ಅಂತ ಅತ್ತಿಗೆ ಹೇಳಿದಳು. ಅವರು ನಗುತ್ತಲೇ ಒಳಗೆ ಬಂದರು. ಒಬ್ಬ ಜಗಲಿಯಲ್ಲಿ ಕೂತಿದ್ದ ಅವ್ವನ ಕುತ್ತಿಗೆಗೆ ಕೈ ಹಾಕಿದ. ಅತ್ತಿಗೆ ಕೋಣೆಗೆ ಓಡಿ ಗೋಡೆಯ ಮೇಲಿದ್ದ ನಮ್ಮ ಅಪ್ಪನ ಒಂಟಿ ನಳಿಗೆಯ ಕೋವಿ ಇಳಿಸಿಕೊಂಡಳು. ತೋಟಾ ಹಾಕಿದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಅಪ್ಪನ ಕೋವಿ ಬಯಲಲ್ಲಿ ಹಂದಿ ಹೊಡೆಯಲು ಮಾಡಿದ್ದು. ಸುಮಾರು ಅವಳ ಹೆಗಲೆತ್ತರ ಇತ್ತು. ಕೋಣೆಯ ಬಾಗಿಲಿನಿಂದ ಜಗಲಿಗೆ ಅಡ್ಡ ತಿರುಗಿಸಲು ಹೋದಾಗ ನಳಿಗೆ ಬಾಗಿಲ ದಾರಂದಕ್ಕೆ ಬಡಿದು ಸಿಕ್ಕಿಕೊಂಡಿತು. ಆ ಕಡೆಯಿಂದ ಒಬ್ಬ ನಳಿಗೆಯ ತುದಿ ಹಿಡಿದು, ಮಕ್ಕಳ ಕೈಯಿಂದ ಕೋಲು ಕಸಿದುಕೊಳ್ಳುವಂತೆ ಕಸಿದುಕೊಂಡ. ಕೋವಿಯನ್ನು ನಡುವೆ ಮಡಿಸಿ ಬಾಯಿ ಬಿಡಿಸಿದ, ತೋಟಾ ತೆಗೆದ, ಅದನ್ನು ಅವಳ ಅಂಗೈಯಲ್ಲಿ ಇಟ್ಟ.

"ತಗೊಳ್ಳಿ ತಾಯಿ. ಇನ್ನು ಇದು ಒನಕೆ" ಅಂದು ಕೋವಿಯನ್ನು ಗೋಡೆಗೆ ಒರಗಿಸಿದ.

ಅಷ್ಟರಲ್ಲಿ ಇನ್ನೊಬ್ಬ ಅವ್ವನ ಕಿವಿಯ ಓಲೆ ಹಿಡಿದು ಎಳೆದಿದ್ದ. ತಿರುಪು ಬಿಚ್ಚುವಷ್ಟು ತಾಳ್ಮೆ ಆ ಹಾಳಾದವನಿಗೆ ಇರಲಿಲ್ಲ. ಕಿವಿಯ ಹಾಲೆ ಎರಡಾಗಿ ಹರಿದು ಹೋಯಿತು. ಸುದ್ದಿ ಕೇಳಿ ಮರುದಿನ ನಾನು ತೀರ್ಥಹಳ್ಳಿಯಿಂದ ಬಂದಾಗ ಅವ್ವ ಕಿವಿಗೆ ಅರಿಶಿನ ಮೆತ್ತಿಕೊಂಡು ಕೂತಿದ್ದಳು. ಅತ್ತಿಗೆ ಆ ತೋಟಾವನ್ನು ಇನ್ನೂ ಕೈಯಲ್ಲೇ ಹಿಡಿದಿದ್ದಳು. ಮಾತಾಡಿಸಿದರೆ ಮಾತಿಲ್ಲ. ಅಷ್ಟು ದೊಡ್ಡ ಗಂಟಲು ಎಲ್ಲಿ ಹೋಯಿತೋ ಅಂತ ನನಗೇ ದಿಗಿಲಾಯಿತು.

ಅಣ್ಣ ಮನೆ ಖಾಲಿ ಮಾಡಿ ಸಾಗರಕ್ಕೆ ಹೋಗೋಣ ಅಂದ. ಅವ್ವ ಒಲ್ಲೆ ಅಂದಳು, ಸತ್ತರೂ ಇಲ್ಲೇ ಅಂದಳು. ಆಗ ಅತ್ತಿಗೆ ಮೊದಲ ಸಲ ಬಾಯಿ ಬಿಟ್ಟಳು.

"ಎಲ್ಲಿಗೂ ಹೋಗದು ಬ್ಯಾಡ. ನಾನು ಬದುಕಿರೋ ತನಕ ಅತ್ತೆ ಮೈಗೆ ಇನ್ನೊಬ್ರ ಕೈ ತಾಗಕೂಡದು. ನಂಗೊಂದು ಕೋವಿ ಬೇಕು. ಈ ಮನೇಲಿ ತಿರುಗೋ ಅಂಥದು."

ಅವಳು ಕೋವಿ ಆರಿಸಿದ ರೀತಿ ಕೇಳಿದರೆ ನೀವು ನಗುತ್ತೀರಿ. ನಾವೂ ನಕ್ಕೆವು. ಒಂದು ಬಿದಿರಿನ ಕೋಲು ತಂದು, ಹೆಗಲಿಗೆ ಇಟ್ಟುಕೊಂಡು, ಮನೆಯ ಒಂದೊಂದು ಬಾಗಿಲಲ್ಲೂ ನಿಂತು ಎಡಕ್ಕೆ ಬಲಕ್ಕೆ ತಿರುಗಿದಳು. ಕೋಲು ದಾರಂದಕ್ಕೆ ತಾಗಿದರೆ ಕತ್ತಿಯಿಂದ ಗೇಣುದ್ದ ಕತ್ತರಿಸುವುದು, ಮತ್ತೆ ತಿರುಗುವುದು. ಅಡಿಗೆಮನೆ, ದೇವರ ಕೋಣೆ, ಕೊಟ್ಟಿಗೆಯ ಓಣಿ ಯಾವುದನ್ನೂ ಬಿಡಲಿಲ್ಲ. ಅವ್ವ ಕೂತಲ್ಲಿಂದ, "ಕೋಲಾಟ ಕಲೀತಿದೀಯೇನೇ ಬೆಳ್ಳೀ, ಪದ ಹೇಳಬೇಕೇನು?" ಅಂತ ರೇಗಿಸಿದಳು. ಕೊನೆಗೆ ಎಲ್ಲೂ ತಾಗದೆ ತಿರುಗುವಷ್ಟು ಉಳಿದ ಕೋಲನ್ನು ಅತ್ತಿಗೆ ಬಟ್ಟೆಯಲ್ಲಿ ಸುತ್ತಿಟ್ಟಳು.

ಲೈಸೆನ್ಸಿಗೆ ಕಚೇರಿಗೆ ಹೋದಾಗ ಅಲ್ಲಿದ್ದ ಸಾಹೇಬರು ಹೆಂಗಸಿಗೆ ಕೋವಿ ಯಾತಕ್ಕಮ್ಮ ಅಂದರಂತೆ. ಅವಳು ಜೊತೆಗೆ ಕರೆದೊಯ್ದಿದ್ದ ಅವ್ವನ ಸೆರಗು ಸರಿಸಿ ಕಿವಿ ತೋರಿಸಿದಳು. "ಇದಕ್ಕೆ" ಅಂದಳು. ಅವರು ಅರ್ಜಿ ಎಳೆದುಕೊಂಡು ಸಹಿ ಹಾಕಿದರು.

ಆಮೇಲೆ ಅಣ್ಣನ ಲಾರಿಯಲ್ಲಿ ಶಿವಮೊಗ್ಗಕ್ಕೆ ಹೋದರು. ಕೋವಿ ಅಂಗಡಿಯವನು ಜೋಡಿ ನಳಿಗೆಯದು, ಹೂಬಳ್ಳಿ ಕೆತ್ತಿದ್ದು, ಇಂಗ್ಲೆಂಡಿನದು ಅಂತ ಒಂದೊಂದೇ ಇಳಿಸಿ ಹೊಗಳಿದ. ಅತ್ತಿಗೆ ಪ್ರತಿಯೊಂದರ ಪಕ್ಕಕ್ಕೂ ತನ್ನ ಕೋಲು ಹಿಡಿದು ಬೇಡ ಅಂದಳು. ಮದುವೆಗೆ ಸೀರೆ ಆರಿಸುವಾಗ ಕೂಡ ಅವಳು ಅಷ್ಟು ಕಾಡಿರಲಿಲ್ಲ ಅಂತ ಅಣ್ಣ ಆಮೇಲೆ ಹೇಳಿದ. ಕೊನೆಗೆ ಅಂಗಡಿಯವನು ಒಳಗಿನಿಂದ ಒಂದು ಮೋಟು ಕೋವಿ ತಂದ. ಅಣೆಕಟ್ಟಿನ ಯಾರೋ ಕಂಟ್ರಾಕ್ಟರು ಊರು ಬಿಡುವಾಗ ಮಾರಿ ಹೋದದ್ದು. ಅದನ್ನು ಮಡಿಸುವ ಹಾಗಿಲ್ಲ. ನಳಿಗೆಯ ಕೆಳಗೆ ಇನ್ನೊಂದು ಕೊಳವೆ, ಅದರೊಳಗೆ ತೋಟಾ ಸಾಲಾಗಿ ಕೂರುತ್ತವೆ. ಕೊಳವೆಯ ಮೇಲೆ ಮರದ ಹಿಡಿ. ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ ಹಿಡಿಯನ್ನು ಹಿಂದಕ್ಕೆ ಎಳೆದರೆ ಒಂದು ತೋಟಾ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಇನ್ನೊಂದು ಅದರ ಜಾಗಕ್ಕೆ ಬರುತ್ತದೆ. ಹಾಗಾಗಿ ಅದಕ್ಕೆ ಪಂಪಿನ ಕೋವಿ ಅಂತ ಹೆಸರು. ಕೋಲಿಗೂ ಕೋವಿಗೂ ಉದ್ದ ಸರಿಹೋಯಿತು.

"ಒಂದು ತೋಟಾ ಕಿತ್ಕೊಂಡ್ರೂ ಇದು ಒನಕೆ ಆಗಲ್ಲ ಅಲ್ವಾ?" ಅಂತ ಅತ್ತಿಗೆ ಕೇಳಿದಳಂತೆ. ಅಂಗಡಿಯವನಿಗೆ ಆ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ.

ಕಲಿಸಿದವನು ಮಾರಪ್ಪಜ್ಜ. ಊರಿನ ಶಿಕಾರಿಯವರಿಗೆಲ್ಲ ಅವನೇ ಗುರು. ಗದ್ದೆ ಬಯಲಿಗೆ ಕರೆದುಕೊಂಡು ಹೋಗಿ ಕಾಲು ಹೇಗೆ ಊರಬೇಕು, ಹೆಗಲಿಗೆ ಎಲ್ಲಿ ಒತ್ತಬೇಕು, ಹೊಡೆಯುವ ಗಳಿಗೆಯವರೆಗೂ ಬೆರಳು ಕುದುರೆಯಿಂದ, ಅಂದರೆ ಎಳೆದರೆ ಗುಂಡು ಹಾರುವ ಕೀಲಿನಿಂದ, ಹೇಗೆ ಆಚೆ ಇರಬೇಕು ಅಂತೆಲ್ಲ ಹೇಳಿಕೊಟ್ಟ. ತೋಟಾ ಸುಲಭಕ್ಕೆ ಸಿಗುತ್ತಿರಲಿಲ್ಲ. ಅಲ್ಲಿ ಒಂದೊಂದೇ ಹಾಕಿ ಒಂದೊಂದೇ ಹೊಡೆದರು. ಮೊದಲ ದಿನ ಅವಳ ಹೆಗಲು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವ್ವ ತೌಡು ಬಿಸಿ ಮಾಡಿ ಗಂಟು ಕಟ್ಟಿ ಶಾಖ ಕೊಟ್ಟಳು. ಕೊಡುತ್ತಲೇ ಬೈದಳು.

ಕೋವಿಯ ವಿಷಯದಲ್ಲಿ ಅತ್ತಿಗೆಯಷ್ಟು ಎಚ್ಚರ ಇದ್ದವರನ್ನು ನಾನು ಕಂಡಿಲ್ಲ. ಇದನ್ನು ಎದೆ ತಟ್ಟಿ ಹೇಳುತ್ತೇನೆ. ಹಗಲು ಖಾಲಿ ಮಾಡಿ ಎತ್ತರದ ಗೂಟಕ್ಕೆ ತೂಗು ಹಾಕುತ್ತಿದ್ದಳು, ಅಣ್ಣನಿಗೂ ಮುಟ್ಟಲು ಬಿಡುತ್ತಿರಲಿಲ್ಲ. ನಳಿಗೆಯ ಬಾಯಿ ಯಾವತ್ತೂ ಮೇಲೆ ಮಾಡಿನ ಕಡೆಗೆ. ಸಂಜೆ ಮಿಲ್ಲು ನಿಲ್ಲಿಸಿ ಬಂದು ಕೈಕಾಲು ತೊಳೆದು ಕೋವಿ ತುಂಬಿಸುತ್ತಿದ್ದಳು. ಓಲೆ ಹೋದ ದಿನದಿಂದ ಅವ್ವನಿಗೆ ನಿದ್ದೆ ಇರಲಿಲ್ಲ, ಎಲೆ ಬಿದ್ದರೂ ಎದ್ದು ಕೂರುತ್ತಿದ್ದಳು. ಕೋವಿ ಬಂದ ಮೇಲೆ ಮಲಗುವ ಮುಂಚೆ ಒಂದು ಮಾತು ರೂಢಿಯಾಯಿತು.

"ತುಂಬಿದೀಯೇನೇ ಬೆಳ್ಳೀ?"

"ತುಂಬೀನಿ ಅತ್ತೆ, ಮಲ್ಕಳಿ."

ಇಷ್ಟಾದರೆ ಅವ್ವ ಗೊರಕೆ ಹೊಡೆಯುತ್ತಿದ್ದಳು. ನಾನು ಹೋಗಿ ಉಳಿದಾಗಲೆಲ್ಲ ಕೇಳಿ ನಕ್ಕಿದ್ದೇನೆ.

ಆ ವರ್ಷದ ಆಯುಧಪೂಜೆಗೆ ನಾನು ತವರಿಗೆ ಬಂದಿದ್ದೆ. ಅಣ್ಣ ಲಾರಿ ತೊಳೆದು ಬಾಳೆಕಂದು ಕಟ್ಟಿದ್ದ. ಮಿಲ್ಲಿನ ಯಂತ್ರಕ್ಕೆ ಮಾವಿನ ಸೊಪ್ಪು, ಸುತ್ತಿಗೆ ಸ್ಪಾನರಿಗೆಲ್ಲ ಕುಂಕುಮ. ಆಚೀಚೆ ಊರಿನ ಕೋವಿಗಳ ಪೂಜೆಯೂ ನಮ್ಮ ಮನೆಯಲ್ಲೇ. ಅದಕ್ಕೊಂದು ಕ್ರಮ ಇದೆ. ಆ ದಿನ ಕೋವಿಯ ಯಜಮಾನ ಸ್ನಾನ ಮಾಡಿ ಬರುವ ತನಕ ತನ್ನ ಕೋವಿ ಮುಟ್ಟುವ ಹಾಗಿಲ್ಲ. ಹಿರಿಯನೊಬ್ಬ ಎಲ್ಲ ಕೋವಿಗಳನ್ನೂ ಖಾಲಿ ಮಾಡಿ ದೇವರ ಮುಂದೆ ಸಾಲಾಗಿ ಇಟ್ಟು, ಒಂದೊಂದರ ಮುಂದೆಯೂ ವೀಳ್ಯದೆಲೆಯ ಮೇಲೆ ಒಂದು ತೋಟಾ ಇಡುತ್ತಾನೆ. ಅವನು ಖಾಲಿ ಅಂದರೆ ಮುಗಿಯಿತು, ಮತ್ತೆ ತೆಗೆದು ನೋಡಿದರೆ ಹಿರಿಯನಿಗೆ ಅವಮಾನ. ಆಮೇಲೆ ಯಜಮಾನ ಮಣೆಯ ಮೇಲೆ ಕೂತು, ಕೋವಿ ಕಂಕುಳಲ್ಲಿ ಇಟ್ಟುಕೊಂಡು, ನೆಲದ ಬಾಳೆಲೆಯ ಅಕ್ಕಿಗೆ ಅದರ ಬಾಯಿ ಊರಿ, ಖಾಲಿ ಕುದುರೆ ಒಂದು ಸಲ ಎಳೆಯುತ್ತಾನೆ. ಇದಕ್ಕೆ ಕೋವಿಯ ಬಾಯಿ ಕಟ್ಟುವುದು ಅನ್ನುತ್ತಾರೆ. ಆವತ್ತು ಯಾವ ಜೀವಕ್ಕೂ ಹೊಡೆಯುವುದಿಲ್ಲ ಅಂತ.

ಅತ್ತಿಗೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಮಾರಪ್ಪಜ್ಜ ಕೋವಿಗಳನ್ನು ಖಾಲಿ ಮಾಡಿದ. ಅಪ್ಪನದನ್ನು ಮಡಿಸಿದ, ತೋಟಾ ತೆಗೆದ. ಪಕ್ಕದೂರಿನ ಪುಟ್ಟಪ್ಪನದನ್ನೂ ಹಾಗೆಯೇ ಮಾಡಿದ. ಹಿಂದಿನ ಸಂಜೆ ತುಂಬಿಸಿದ ಹಾಗೇ ಇದ್ದ ಮೋಟು ಕೋವಿಯ ಹಿಡಿ ಎಳೆದ, ತೋಟಾ ಹಾರಿ ಬಂತು, ಹಿಡಿಯನ್ನು ಮುಂದಕ್ಕೆ ತಳ್ಳಿ ಮುಚ್ಚಿದ. ನಾನು ಹೂ ಕಟ್ಟುತ್ತ ಅಲ್ಲೇ ಕೂತಿದ್ದೆ. ಅದರೊಳಗೆ ಐದು ಹಿಡಿಯುತ್ತವೆ ಅಂತ ಅತ್ತಿಗೆ ಅವನ ಮುಂದೆ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದಳು. ಅವನು ಹೂಂ ಅಂದಿದ್ದ. ಆದರೆ ತುಂಬಿದ ಪಂಪಿನ ಕೋವಿಯನ್ನು ಅವನು ಕೈಯಲ್ಲಿ ಹಿಡಿದಿದ್ದು ಅದೇ ಮೊದಲು. ಒಂದು ತೆಗೆದರೆ ಖಾಲಿ ಅಂತ ಅವನ ಕೈ ಹುಟ್ಟಿದಾಗಿನಿಂದ ಕಲಿತಿತ್ತು.

ಅತ್ತಿಗೆ ಒದ್ದೆ ಕೂದಲಲ್ಲಿ ಬಂದಳು. ಮೂರು ಕೋವಿ, ಮೂರು ಎಲೆ, ಎಲೆಗೊಂದು ಕೆಂಪು ತೋಟಾ. ಎಲ್ಲರ ಮುಂದೆಯೂ ಒಂದೇ ಇಡುವುದು ಕ್ರಮ. ಉಳಿದವನ್ನು ಅಜ್ಜ ಎತ್ತಿಟ್ಟಿದ್ದಾನೆ ಅಂದುಕೊಂಡಳು. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು.

ಅಣ್ಣ ಅಪ್ಪನ ಕೋವಿಯ ಬಾಯಿ ಕಟ್ಟಿದ. ಟಕ್ ಅಂದಿತು. ಪುಟ್ಟಪ್ಪನದೂ ಟಕ್ ಅಂದಿತು. ಅತ್ತಿಗೆ ಮಣೆಯ ಮೇಲೆ ಕೂತು ಕೋವಿ ಕಂಕುಳಿಗೆ ಇಟ್ಟುಕೊಂಡಳು. ಅದರ ಬಾಯಿ ಅಕ್ಕಿಗೆ ಮುಟ್ಟಲಿಲ್ಲ, ಮೇಲೆಯೇ ಎದುರಿಗೆ ಮುಖ ಮಾಡಿ ನಿಂತಿತು. ಬೇರೆ ಕೋವಿಗಳ ಅಳತೆಗೆ ಆಗಿದ್ದ ಕ್ರಮ ಅದು.

"ಮೋಟಿಗೂ ಒಂದು ಮಣೆ ಕೊಡ್ರೋ" ಅಂದ ಪುಟ್ಟಪ್ಪ. ಎಲ್ಲರೂ ನಕ್ಕೆವು. ಅತ್ತಿಗೆಯೂ ನಕ್ಕಳು.

ಎದುರಿಗೆ, ದೀಪದ ಆಚೆ, ಅವ್ವ ಗೋಡೆಗೆ ಒರಗಿ, ಮಂಡಿನೋವಿನ ಕಾಲು ಚಾಚಿಕೊಂಡು, ಕೈ ಮುಗಿದು ಕಣ್ಣು ಮುಚ್ಚಿದ್ದಳು.

"ಖಾಲಿ ಐತೆ, ಎಳಿ ತಾಯಿ" ಅಂದ ಮಾರಪ್ಪಜ್ಜ.

ಸಿಡಿಲು ಮನೆಯೊಳಗೇ ಬಿತ್ತು ಅಂದುಕೊಂಡೆ. ದೀಪ ಆರಿತು, ಅಕ್ಕಿ ನನ್ನ ಮುಖಕ್ಕೆ ಬಂದು ಬಡಿಯಿತು, ಆಮೇಲೆ ಏನೂ ಕೇಳಿಸಲಿಲ್ಲ. ಹೊಗೆ ತಿಳಿಯಾದಾಗ ಅವ್ವ ಗೋಡೆಗೆ ಒರಗಿದ ಹಾಗೇ ಇದ್ದಳು. ಕೈ ಇನ್ನೂ ಮುಗಿದೇ ಇತ್ತು. ಸೊಂಟದ ಕೆಳಗಿನ ಸೀರೆ ಮಾತ್ರ ನಮ್ಮ ಕಣ್ಣೆದುರೇ ಬಣ್ಣ ಬದಲಾಯಿಸುತ್ತಿತ್ತು. ಎಷ್ಟು ನೋಡಿದರೂ ಅದು ನನ್ನ ತಲೆಗೆ ಹತ್ತಲಿಲ್ಲ. ಮಾರಪ್ಪಜ್ಜ ಎಲೆಯ ಮೇಲಿನ ತೋಟಾ ಎತ್ತಿಕೊಂಡು ಒಬ್ಬೊಬ್ಬರಿಗೂ ತೋರಿಸುತ್ತಿದ್ದ.

"ತೆಗೆದಿದ್ನಲ್ಲ, ಇಲ್ಲೇ ಐತಲ್ಲ" ಅನ್ನುತ್ತಿದ್ದ.

ಅವ್ವ ಉಳಿಯದೆ ಹೋದದ್ದು, ಪೊಲೀಸರು ಬಂದದ್ದು, ಕೇಸು ನಡೆದದ್ದು, ಕೈತಪ್ಪಿ ಆದದ್ದು ಅಂತ ಕೋರ್ಟು ಅತ್ತಿಗೆಯನ್ನು ಬಿಟ್ಟದ್ದು, ಮಾರಪ್ಪಜ್ಜ ಅನ್ನ ಬಿಟ್ಟು ಮುಂದಿನ ಮಳೆಗಾಲಕ್ಕೆ ತೀರಿಹೋದದ್ದು ಎಲ್ಲ ಊರಿಗೆ ಗೊತ್ತು. ಅತ್ತಿಗೆ ಈಗಲೂ ಮಿಲ್ಲು ನಡೆಸುತ್ತಾಳೆ. ಮೆಲ್ಲಗೆ ಮಾತಾಡುತ್ತಾಳೆ, ಗಿರಾಕಿಗಳು ಎರಡೆರಡು ಸಲ ಕೇಳಬೇಕಾಗುತ್ತದೆ. ಊರಿಗೆ ಗೊತ್ತಿಲ್ಲದ್ದು ಲಾರಿಯ ಹಿಂಭಾಗದಲ್ಲಿ ನಡೆದದ್ದು. ಅಲ್ಲಿ ಇದ್ದವರು ನಾವು ಮೂವರೇ.

ಬಾಳೆಕಂದು ಬಿಚ್ಚಲೂ ಪುರುಸೊತ್ತಿಲ್ಲದೆ ಅಣ್ಣ ಲಾರಿಯನ್ನು ಸಾಗರದ ಆಸ್ಪತ್ರೆಗೆ ಬಿಟ್ಟ. ಹಿಂದೆ ಚೀಲಗಳ ಮೇಲೆ ಅವ್ವ, ತಲೆ ಅತ್ತಿಗೆಯ ತೊಡೆಯ ಮೇಲೆ. ನಾನು ಸೀರೆ ಹರಿದು ಬಿಗಿದು ಕಟ್ಟಿದ್ದೆ, ರಕ್ತ ಅದನ್ನೂ ದಾಟುತ್ತಿತ್ತು. ನನಗೆ ಅತ್ತಿಗೆಯ ಮೇಲೆ ಸಿಟ್ಟು ಬರಲಿಲ್ಲ ಅಂದರೆ ಶುದ್ಧ ಸುಳ್ಳು. ಅವಳನ್ನು ಕೆಳಗೆ ದೂಡಿಬಿಡಬೇಕು ಅನ್ನಿಸಿತ್ತು. ಅವಳ ಮುಖದಲ್ಲಿ ಅಳುವೂ ಇರಲಿಲ್ಲ. ಆ ತೋಟಾ ಅಂಗೈಯಲ್ಲಿ ಹಿಡಿದು ಕೂತ ದಿನದ ಮುಖವೇ ಅದು.

ದಾರಿಯಲ್ಲಿ ಅವ್ವ ಕಣ್ಣು ಬಿಟ್ಟಳು. ನಮ್ಮಿಬ್ಬರನ್ನೂ ನೋಡಿದಳು. ಹರಿದ ಕಿವಿಯ ಕಡೆಗೆ ಕೈ ಒಯ್ಯಲು ನೋಡಿದಳು, ಆಗಲಿಲ್ಲ.

"ಮತ್ತೆ ಬಂದಿದ್ರೇನೇ ಅವ್ರು?" ಅಂದಳು.

ನಾನು ಬಾಯಿ ತೆರೆದೆ. ಅತ್ತಿಗೆ ನನ್ನ ಕಡೆ ನೋಡಲಿಲ್ಲ.

"ಬಂದಿದ್ರು ಅತ್ತೆ. ಓಡಿಸ್ದೆ" ಅಂದಳು.

"ನಿಂಗೇನೂ ಆಗ್ಲಿಲ್ವಲ್ಲ?"

"ಇಲ್ಲ ಅತ್ತೆ."

ಲಾರಿ ಗುಂಡಿಗೆ ಇಳಿದು ಎದ್ದಿತು. ಅವ್ವ ದಿನಾ ಮಲಗುವ ಮುಂಚೆ ಕೇಳುತ್ತಿದ್ದುದನ್ನೇ ಕೇಳಿದಳು.

"ತುಂಬಿದೀಯೇನೇ ಬೆಳ್ಳೀ?"

"ತುಂಬೀನಿ ಅತ್ತೆ, ಮಲ್ಕಳಿ."

ಅವ್ವ ಕಣ್ಣು ಮುಚ್ಚಿದಳು. ಸಾಗರ ಇನ್ನೂ ದೂರ ಇತ್ತು.