ಚಾಕುವಿಗೆ ಅಂಟಿದ ಹಸಿರು ಚುಕ್ಕೆ

ಬೆಳಗಿನ ಐದೂವರೆ. ಬೇಕರಿಗಳಲ್ಲಿ ಮಾರಾಟವಾಗದೆ ಉಳಿದ ಬ್ರೆಡ್ಡು, ಆಶ್ರಮಗಳಿಗೆ ಉಚಿತವಾಗಿ ಹಂಚುವ ಕೇಂದ್ರಕ್ಕೆ ಕ್ರೇಟುಗಳಲ್ಲಿ ಬಂದಿಳಿಯುತ್ತಿದೆ. ಎಲ್ಲರ ಬಾಯಲ್ಲೂ ‘ಬ್ರೆಡ್ಡಕ್ಕ’ ಆಗಿಹೋಗಿರುವ ಐವತ್ತೆರಡರ ಹೆಂಗಸು ಒಂದೊಂದನ್ನೇ ಎತ್ತಿ ಮೊದಲು ತಳ ನೋಡುತ್ತಾರೆ, ಆಮೇಲೆ ತುದಿ ಕೊಯ್ದು ಒಳಗು ನೋಡುತ್ತಾರೆ. ಮೂಗಿನ ಹತ್ತಿರ ಮಾತ್ರ ತರುವುದಿಲ್ಲ.

“ಬೂಷ್ಟು ಮೂಸಿದ್ರೆ ಎದೆಗೇ ಹೋಗುತ್ತೆ. ಕಣ್ಣಿರೋದು ಯಾಕೆ ಮತ್ತೆ?”

ಬರೀ ಒಣಗಿದ್ದು ಎಡಗಡೆಯ ಬುಟ್ಟಿಗೆ. ಬಿಸಿ ಮಾಡಿದರೆ ಮೆತ್ತಗಾಗುತ್ತದೆ. ಒಂದೇ ಒಂದು ಚುಕ್ಕೆ ಬೂಷ್ಟಿದ್ದರೂ ಇಡೀ ಬ್ರೆಡ್ಡು ಬಲಗಡೆಯ ಡ್ರಮ್ಮಿಗೆ. ಅಷ್ಟು ಭಾಗ ಕತ್ತರಿಸಿ ಉಳಿದದ್ದು ತಿನ್ನಬಾರದೇ ಎಂದು ಕೇಳಿದವರ ಕಥೆ ಮುಗಿಯಿತು. “ಅದರ ಬೇರು ಒಳಗೆ ಎಲ್ಲಿವರೆಗೆ ಹೋಗಿದೆಯೋ ನಿಮಗೆ ಕಾಣುತ್ತಾ?”

ದಿನಕ್ಕೆ ಮುನ್ನೂರು ಬ್ರೆಡ್ಡು ಅವರ ಕೈ ದಾಟುತ್ತವೆ, ನಲವತ್ತಾದರೂ ಡ್ರಮ್ಮು ಸೇರುತ್ತವೆ. ಗಂಡ ಕೆಲಸ ಕಳೆದುಕೊಂಡ ವರ್ಷ ಅವರೂ ಬೂಷ್ಟು ಕೆರೆದು ಮಕ್ಕಳಿಗೆ ಕೊಟ್ಟಿದ್ದುಂಟು. ಕಿರಿ ಮಗಳು ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಅವಳಿಗೀಗ ಮದುವೆಯಾಗಿದೆ, ಅಮ್ಮ ಮಾತ್ರ ಅದನ್ನು ಮರೆತಿಲ್ಲ.

ಕಳೆದ ಮಂಗಳವಾರ ವೃದ್ಧಾಶ್ರಮದ ವ್ಯಾನು ಹೊರಟ ಮೇಲೆ ಚಾಕು ಒರೆಸುತ್ತಿದ್ದಾರೆ, ಅಂಚಿನಲ್ಲಿ ಹಸಿರು ಚುಕ್ಕೆ! ಮಬ್ಬು ಬೆಳಕಿನಲ್ಲಿ ಅದು ಥೇಟ್ ಬೂಷ್ಟು. ಆಶ್ರಮದ ಅಡುಗೆಯವರಿಗೆ ಫೋನು ಮಾಡಿ, “ಯಾರೂ ಬಾಯಿಗಿಡಬೇಡಿ!” ಎಂದು ಕೂಗಿ, ಎರಡು ಬೀದಿ ಓಡಿದರು.

ಅಲ್ಲಿ ನಲವತ್ತೆರಡು ಹಿರಿಯರು ತಟ್ಟೆ ಮುಂದಿಟ್ಟುಕೊಂಡು ಕಾಯುತ್ತಿದ್ದಾರೆ. ಅಕ್ಕ ಎಲ್ಲರೆದುರೇ ಬ್ರೆಡ್ಡುಗಳನ್ನು ಒಂದೊಂದಾಗಿ ಮುರಿಯತೊಡಗಿದರು. ಬಿಳಿ, ಬಿಳಿ, ಮತ್ತೆ ಬಿಳಿ. ಹದಿನೇಳನೆಯದರಲ್ಲಿ ಹಸಿರು ಸಿಕ್ಕಿತು. ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದರೆ, ಯಾವುದೋ ಹೊಸ ಬೇಕರಿಯವರು ಹಿಟ್ಟಿಗೆ ಕಲಸಿದ ಒಣಸೊಪ್ಪು!

ಮೊದಲ ತುಂಡನ್ನು ತಾವೇ ತಿಂದು, ಅಲ್ಲೇ ನೆಲಕ್ಕೆ ಕುಸಿದು ಕೂತರು. ನಗುವೂ ಬಂತು, ಅಳುವೂ ಬಂತು.

“ಈಗಲಾದ್ರೂ ತಿನ್ನಬಹುದಾ ತಾಯಿ,” ಎಂದರು ಒಬ್ಬ ನಿವೃತ್ತ ಡ್ರೈವರು, “ಇಲ್ಲಾ ನಮ್ಮನ್ನೂ ಮುರಿದು ನೋಡ್ತೀಯಾ?”

ಇನ್ನೇನು ಬೇಕು ಎಂದು ಕೇಳಿದರೆ ಬ್ರೆಡ್ಡಕ್ಕನ ಆಸೆ ಚಿಕ್ಕದು. “ನಾನು ಬ್ರೆಡ್ಡು ಕೊಯ್ಯೋ ಈ ಮೇಜಿನ ಮೇಲೆ ಒಂದು ಒಳ್ಳೆ ಲೈಟು. ಸೊಪ್ಪು ಯಾವುದು, ಬೂಷ್ಟು ಯಾವುದು ಗೊತ್ತಾದ್ರೆ ಸಾಕು.”

ಆ ದಿನ ಇದನ್ನೆಲ್ಲ ಫೋನಿನಲ್ಲಿ ಕೇಳಿ ಕಿರಿ ಮಗಳು ಬಿದ್ದು ಬಿದ್ದು ನಕ್ಕಳಂತೆ. ಆಮೇಲೆ ಮೆಲ್ಲಗೆ ಹೇಳಿದಳಂತೆ: “ಅಮ್ಮಾ, ಇನ್ನಾದ್ರೂ ನನ್ನನ್ನ ಆಸ್ಪತ್ರೆಯಿಂದ ಡಿಸ್ಚಾರ್ಜ್ ಮಾಡು.”