ಓಬಿಯ ತೂಕದಷ್ಟು ಶೇಂಗಾ

ಹೊನ್ನಾಳಿಯ ಹೈಸ್ಕೂಲ್ ಮೈದಾನದಲ್ಲಿ ಸೈಕಲ್ ಕಂಪನಿಯವರು ಸುಣ್ಣದಿಂದ ದೊಡ್ಡದೊಂದು ಸುತ್ತು ಎಳೆದಿದ್ದರು. ಜೀಪಿನ ಮೇಲೆ ಮೈಕು, ಪಕ್ಕದಲ್ಲಿ ಸಾಲಾಗಿ ಎಂಟು ಹೊಸ ಸೈಕಲ್ಲು. ಯಾರು ಬೇಕಾದರೂ ಒಂದು ಸುತ್ತು ಹೊಡೆದು ನೋಡಬಹುದು ಎಂದು ಮೈಕು ಬೆಳಗಿನಿಂದ ಕೂಗುತ್ತಿತ್ತು. ಎಂಬತ್ತೊಂದರ ದೀಪಾವಳಿಗೆ ಇನ್ನೊಂದು ವಾರವಿತ್ತು. ಗಂಡಸರ ಸಾಲು ಗೇಟಿನ ತನಕ ಬೆಳೆದಿತ್ತು. ಕೊನೆಯಲ್ಲಿದ್ದ ಲೇಡೀಸ್ ಸೈಕಲ್ಲನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

ರುದ್ರಾಣಿ ಅದನ್ನೇ ನೋಡುತ್ತ ನಿಂತು ಅರ್ಧ ಗಂಟೆಯಾಗಿತ್ತು. ಅವಳು ನ್ಯಾಮತಿ ಕಡೆಯ ಹಳ್ಳಿಯೊಂದರಲ್ಲಿ ನರ್ಸು. ಐದು ಊರು ಅವಳ ಪಾಲಿಗೆ, ಐದಕ್ಕೂ ಕಾಲ್ನಡಿಗೆ. ಗಂಡ ತೀರಿಕೊಂಡ ಮೇಲೆ ಮಗಳು ಓಬಿಯನ್ನು ಕತ್ತಲಗೆರೆಯಲ್ಲಿ ತಾಯಿ ಅಂತರಘಟ್ಟಮ್ಮನ ಹತ್ತಿರ ಬಿಟ್ಟಿದ್ದಳು. ಓಬಿಗೆ ಈಗ ಮೂರೂವರೆ ವರ್ಷ.

“ನೀನು ನಡ್ಕಂಡು ತಿರುಗೋ ತನಕ ಕೂಸು ಇಲ್ಲೇ ಇರ್ಲಿ. ಕಂಕುಳಾಗೆ ಇಟ್ಕಂಡು ಐದು ಊರು ಸುತ್ತಾಕೆ ಆಗ್ತೈತಾ?” ಎಂದಿದ್ದಳು ತಾಯಿ.

ಮಾತು ಸರಿಯೇ. ಆದರೆ ಸಂಜೆ ಬೀಗ ತೆಗೆದು ಒಳಗೆ ಹೋದರೆ, ಬೆಳಿಗ್ಗೆ ತಾನಿಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನು ಜರುಗಿಸುವ ಕೈ ಆ ಮನೆಯಲ್ಲಿ ಇನ್ನೊಂದಿರಲಿಲ್ಲ. ಹಿಂದೆ ಕೂಸನ್ನು ಕೂರಿಸಿಕೊಂಡು ಸೈಕಲ್ ಓಡಿಸುವುದು ತನ್ನ ಕೈಲಾದರೆ ಓಬಿ ಮನೆಗೆ ಬರುತ್ತಾಳೆ. ಅದನ್ನು ಇವತ್ತೇ ತಿಳಿದುಕೊಳ್ಳಬೇಕಿತ್ತು.

“ಬರ್ರಿ ಮೇಡಂ, ಒಂದು ರೌಂಡ್ ಹೊಡೀರಿ,” ಎಂದ ಕಂಪನಿಯ ಮಹೇಶ್ವರಪ್ಪ.

“ಖಾಲಿ ಸೈಕಲ್ ಓಡಿಸಾಕೆ ಬರ್ತೈತ್ರೀ, ಟ್ರೇನಿಂಗ್‌ನಾಗೆ ಕಲ್ತೀನಿ. ಹಿಂದೆ ಕೂಸು ಕುಂತ್ರೆ ಹೆಂಗೆ ಅಂತ ನೋಡ್ಬೇಕು.”

“ಕೂಸೆಲ್ಲೈತೆ?”

“ಇಲ್ಲಿಲ್ಲ. ಅದರ ತೂಕದಷ್ಟು ಏನಾರ ಹಾಕ್ಕಂತೀನಿ.”

ಮಕ್ಕಳನ್ನು ತೂಗುವ ಸ್ಪ್ರಿಂಗ್ ತಕ್ಕಡಿ ಅವಳ ಚೀಲದಲ್ಲೇ ಇತ್ತು. ಅದರ ಮುಳ್ಳು ಸರಿ ಮಾಡಿಸಲೆಂದೇ ಹೊನ್ನಾಳಿಗೆ ಬಂದು, ಆ ಕೆಲಸ ಮುಗಿಸಿಕೊಂಡಿದ್ದಳು. ಬೇವಿನ ಮರದ ಕೆಳಗೆ ಶೇಂಗಾ ಮಾರುತ್ತಿದ್ದ ಸೈದಾಬೀಯನ್ನು ಕೇಳಿ ಶೇಂಗಾ ತುಂಬಲು ಒಂದು ಖಾಲಿ ಚೀಲ ಪಡೆದು, ತಕ್ಕಡಿಯನ್ನು ಕೊಂಬೆಗೆ ಕಟ್ಟಿದಳು.

ಸಾಲಿನ ಮುಂದೆ ನಿಂತಿದ್ದ ಜಂಪಣ್ಣ ನಕ್ಕ. “ಇವ್ರು ಸೈಕಲ್ ನೋಡಾಕೆ ಬಂದಾರೋ, ಶೇಂಗಾ ವ್ಯಾಪಾರಕ್ಕೋ?”

“ನಿನ್ ಹೆಂಡ್ತೀನ ಹಿಂದೆ ಕೂರಿಸ್ಕಂಡು ಆ ಸುತ್ತು ಹೊಡಿ ನೋಡಾನ, ಆಮ್ಯಾಕೆ ನಗು,” ಎಂದು ಅವನ ಬಾಯಿ ಮುಚ್ಚಿಸಿ, ಸೈದಾಬೀ ಇತ್ತ ತಿರುಗಿದಳು. “ಎಷ್ಟು ಹಾಕ್ಲಿ ಬೇಟಿ?”

“ಹತ್ತೂವರೆ ಕಿಲೋ.”

“ಯಾವಾಗ ತೂಗಿದ್ದು?”

“ಯುಗಾದೀಲಿ.”

“ಅಯ್ಯೋ, ದೀಪಾವಳಿ ಬಂತಲ್ಲವ್ವ! ಮಕ್ಳು ನಮಗೆ ಕಾಯ್ತಾವಾ?”

ರುದ್ರಾಣಿಯ ಕೈ ನಿಂತಿತು. ಅವಳ ಐದು ಊರಿನ ಮೂವತ್ತೈದು ಮಕ್ಕಳ ತೂಕ ಅವಳಿಗೆ ಬಾಯಿಪಾಠ. ಯಾವ ಮಗು ಕಳೆದ ತಿಂಗಳು ಕಾಲು ಕಿಲೋ ಇಳಿದಿದೆ ಎಂಬುದೂ ಗೊತ್ತು. ಕತ್ತಲಗೆರೆಗೆ ಹೋದಾಗಲೆಲ್ಲ ಓಬಿ ಮಲಗಿದ ಮೇಲೆ ತಲುಪಿ, ಏಳುವ ಮೊದಲೇ ವಾಪಸು ಬಸ್ಸು ಹಿಡಿದಿದ್ದಳು.

“ಎಷ್ಟು ಅಂತ ಗೊತ್ತಿಲ್ಲಮ್ಮ, ಕೂಸು ನಮ್ಮವ್ವನ ಹತ್ರ ಐತೆ,” ಎಂದಳು ಮೆಲ್ಲಗೆ.

ಸೈದಾಬೀ ಶೇಂಗಾ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಅಜ್ಜಿ ಮನೇಲಿ ಮಕ್ಳು ಸೊರಗಾದಿಲ್ಲ,” ಎನ್ನುತ್ತ ಮುಳ್ಳು ಹನ್ನೆರಡಕ್ಕೆ ಬರುವ ತನಕ ಹಿಡಿ ಹಿಡಿಯಾಗಿ ಸುರಿದಳು.

ಚೀಲವನ್ನು ಕ್ಯಾರಿಯರಿಗೆ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ರುದ್ರಾಣಿ ಹತ್ತಿದಳು. ಮೊದಲು ಹ್ಯಾಂಡಲ್ ಅತ್ತಿತ್ತ ಹೊರಳಿತು, ಆಮೇಲೆ ಮಾತು ಕೇಳಿತು. ಸೀಟಿ, ಕೇಕೆ ಎಲ್ಲ ಹಿಂದುಳಿದವು. ತಿರುವಿನಲ್ಲಿ ಚೀಲ ಒಂದು ಕಡೆಗೆ ವಾಲಿದ್ದು ಬೆನ್ನಿಗೆ ಗೊತ್ತಾಯಿತು. ಎಡಗೈ ತಾನಾಗಿಯೇ ಹಿಂದಕ್ಕೆ ಹೋಗಿ ಅದನ್ನು ಅವುಚಿಕೊಂಡಿತು.

“ಮೇಡಂ, ಹ್ಯಾಂಡಲ್! ಎರಡೂ ಕೈ!” ಎಂದು ಮಹೇಶ್ವರಪ್ಪ ಮೈಕಿನಲ್ಲೇ ಕೂಗಿದ.

ಉಳಿದ ಸುತ್ತನ್ನು ಅವಳು ಒಂದೇ ಕೈಯಲ್ಲಿ ಮುಗಿಸಿದಳು. ಚೀಲ ಅವಳ ಸೊಂಟ ಹಿಡಿಯಲಿಲ್ಲ, ಊರು ಬಂತಾ ಎಂದು ಕೇಳಲಿಲ್ಲ. ಇಳಿದಾಗ ಅವಳ ಕಣ್ಣು ಒದ್ದೆಯಾಗಿತ್ತು. ಸೆರಗಿನಿಂದ ಒರೆಸಿಕೊಂಡು ಬುಕಿಂಗ್ ಫಾರಂ ಕೇಳಿದಳು.

“ಚಕ್ರಕ್ಕೆ ಬಲೆ ಹಾಕ್ಸಿ ಕೊಡ್ರಿ. ಕೂಸಿನ ಕಾಲು ಸಿಗಬಾರ್ದು.”

ಸೈಕಲ್ ಬರಲು ಒಂದು ತಿಂಗಳಾಗುತ್ತದೆ ಎಂದರು. ಅವಳು ಅಷ್ಟು ಕಾಯಲಿಲ್ಲ. ಒಂದು ದಿನ ರಜೆ ಹಾಕಿ, ತಕ್ಕಡಿ ಚೀಲದಲ್ಲಿಟ್ಟುಕೊಂಡು, ಬೆಳಗಾದ ಮೇಲೆ ಕತ್ತಲಗೆರೆ ತಲುಪುವ ಬಸ್ಸು ಹತ್ತಿದಳು.

ಓಬಿ ಅಜ್ಜಿಯ ಸೀರೆಯ ಹಿಂದೆ ಅಡಗಿದಳು. ಕರೆದರೆ ಬರಲಿಲ್ಲ. ಅಂತರಘಟ್ಟಮ್ಮ ಹಿಂದಿನಿಂದ ನೂಕಿದರೂ ಬರಲಿಲ್ಲ. ರುದ್ರಾಣಿ ಒತ್ತಾಯ ಮಾಡದೆ ಜಂತಿಗೆ ತಕ್ಕಡಿ ಕಟ್ಟಿ ಜೋಳಿಗೆ ಇಳಿಬಿಟ್ಟಳು. ಜೋಕಾಲಿಯೆಂದುಕೊಂಡು ಓಬಿ ತಾನೇ ಬಂದು ಕಾಲು ತೂರಿಸಿದಳು.

ಹನ್ನೆರಡೂವರೆ ಕಿಲೋ. ಸೈದಾಬೀ ಸುರಿದದ್ದಕ್ಕಿಂತ ಕೆಲವು ಹಿಡಿ ಹೆಚ್ಚು.

“ನಿನ್ನನ್ನ ಸೈಕಲ್ ಮ್ಯಾಲೆ ಕರ್ಕಂಡು ಹೋಗ್ತೀನಿ, ಬರ್ತೀಯಾ?”

ಓಬಿ ಜೋಳಿಗೆಯಲ್ಲಿ ಕಾಲಾಡಿಸುತ್ತ, “ನರ್ಸಮ್ಮ, ಇನ್ನೊಂದ್ಸಲ,” ಎಂದಳು.

ತೂಕ ಗೊತ್ತಿದ್ದೂ ರುದ್ರಾಣಿ ಮತ್ತೊಮ್ಮೆ ತೂಗಿದಳು.